ಎಂಟನೆಯ ಸ್ಲೈಡ್‌ಗೇ ಸಭೆ ಕೈತಪ್ಪುತ್ತದೆ: ಹಿಡಿದಿಡುವುದು ಹೇಗೆ?

ಸವಳುನೆಲ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳು (ಉಪ್ಪು, ಕ್ಷಾರ ಸೇರುವುದು), ಜವಳು (ನೀರು ನಿಲ್ಲುವುದು) ಬಿದ್ದ ಹೊಲಗಳನ್ನು ಮತ್ತೆ ಬೆಳೆಗೆ ತರುವುದು ಹೇಗೆ ಎಂಬುದನ್ನು ಕುರಿತು ಕಳೆದ ತಿಂಗಳು ಒಂದು ಊರಿನ ಸಮುದಾಯ ಭವನದಲ್ಲಿ ಸುಮಾರು ಎಪ್ಪತ್ತು ಜನ ರೈತರ ಮುಂದೆ ಸ್ಲೈಡ್‌ಗಳನ್ನು ಇಟ್ಟುಕೊಂಡು ಮಾತನಾಡಿದೆ. ಒಟ್ಟು 42 ಸ್ಲೈಡ್‌ಗಳಿದ್ದವು. ಅವನ್ನು ಸಿದ್ಧಪಡಿಸಲು ನಾಲ್ಕು ರಾತ್ರಿ ಕುಳಿತಿದ್ದೆ. ಮಣ್ಣಿನ ರಸಸಾರ (ಪಿಎಚ್), ಲವಣಾಂಶ, ಕ್ಷಾರ ಮಣ್ಣನ್ನು ಸರಿಪಡಿಸುವ ಜಿಪ್ಸಂ ಹಾಕುವ ಪ್ರಮಾಣ, ನೀರು ಬಸಿದುಹೋಗಲು ತೆಗೆಯುವ ಬಸಿಗಾಲುವೆಗಳ ಅಂತರ, ಉಪ್ಪು ತಡೆಯುವ ತಳಿಗಳು, ಕೂರಿಗೆ ಭತ್ತ (ನಾಟಿ ಮಾಡದೆ ನೇರವಾಗಿ ಬಿತ್ತುವುದು), ಸಹಾಯಧನದ ನಿಯಮಗಳು, ಹೀಗೆ ರೈತರಿಗೆ ಬೇಕಾದದ್ದು ಒಂದೂ ಬಿಟ್ಟುಹೋಗಬಾರದು ಎಂದು ಎಲ್ಲವನ್ನೂ ಸೇರಿಸಿದ್ದೆ.

ಎಂಟನೆಯ ಸ್ಲೈಡ್ ಬರುವಷ್ಟರಲ್ಲಿ ಹಿಂದಿನ ಸಾಲುಗಳು ಕೈತಪ್ಪಿದ್ದವು. ಕೆಲವರು ಚಹಾಕ್ಕೆಂದು ಎದ್ದು ಹೋದರು, ಕೆಲವರು ಮೊಬೈಲ್ ತೆಗೆದರು, ಮುಂದೆ ಕುಳಿತ ಹಿರಿಯರು ಮರ್ಯಾದೆಗೆ ಪರದೆಯನ್ನು ನೋಡುತ್ತಿದ್ದರೇ ಹೊರತು ಅವರಿಗೆ ಏನೂ ತಲುಪುತ್ತಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಕೊನೆಯಲ್ಲಿ ಬಂದದ್ದು ಒಂದೇ ಪ್ರಶ್ನೆ: ಜಿಪ್ಸಂ ಯಾವಾಗ ಹಂಚುತ್ತೀರಿ? ಎಲ್ಲ ಹೊಲಕ್ಕೂ ಜಿಪ್ಸಂ ಮದ್ದಲ್ಲ ಎಂದು ವಿವರಿಸಲು ನಾನು ಎರಡು ಪೂರ್ತಿ ಸ್ಲೈಡ್‌ಗಳನ್ನು ಮೀಸಲಿಟ್ಟಿದ್ದೆ. ಆ ಪ್ರಶ್ನೆ ಇನ್ನೂ ನನ್ನನ್ನು ಚುಚ್ಚುತ್ತಿದೆ, ಏಕೆಂದರೆ ಕೇಳಿದವರ ಹೊಲಕ್ಕೆ ಜಿಪ್ಸಂ ಬೇಕಾಗಿಯೇ ಇಲ್ಲದಿರಬಹುದು, ಆದರೂ ಅವರು ಅದಕ್ಕಾಗಿ ಒಂದು ಹಂಗಾಮು ಕಾಯುತ್ತಾರೆ.

ಇನ್ನು ಮೂರು ವಾರಗಳಲ್ಲಿ ಇದೇ ವಿಷಯವನ್ನು ಎರಡು ಕಡೆ ಹೇಳಬೇಕಿದೆ: ಒಂದು, ಮತ್ತೊಂದು ಊರಿನ ರೈತರಿಗೆ; ಇನ್ನೊಂದು, ತಾಲ್ಲೂಕು ಮಟ್ಟದ ಅಧಿಕಾರಿಗಳ ಸಭೆಗೆ. ಎರಡಕ್ಕೂ ತಲಾ 40 ನಿಮಿಷ ಕೊಟ್ಟಿದ್ದಾರೆ. ಅಕ್ಷರಗಳು ಹಾರಿ ಬರುವಂತೆ ಮಾಡಿ, ನಡುನಡುವೆ ನಗೆಚಟಾಕಿ ಸೇರಿಸಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದರಿಂದ ಕೆಲಸ ಆಗುತ್ತದೆ ಎಂದು ನನಗೆ ಅನ್ನಿಸುತ್ತಿಲ್ಲ. ಇಂಥ ಸಭೆಗಳಲ್ಲಿ ಮಾತನಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಹಳೆಯ ಉಪನ್ಯಾಸಕ (ಬಳ್ಳಾರಿ)

ಮೇಡಂ, ಹಾರುವ ಅಕ್ಷರಗಳ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಕಣ್ಣು ಚಲಿಸುವ ವಸ್ತುವಿನ ಕಡೆಗೆ ತಾನಾಗಿಯೇ ಹೊರಳುತ್ತದೆ ಎಂಬುದು ನಿಜ, ಆದರೆ ಅದು ಹೊರಳುವುದು ಆ ಚಲನೆಯ ಕಡೆಗೆ, ನಿಮ್ಮ ವಿಷಯದ ಕಡೆಗಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದವನು. ಮೊದಲು ನಮ್ಮಲ್ಲಿ ಓವರ್‌ಹೆಡ್ ಪ್ರೊಜೆಕ್ಟರ್ ಇತ್ತು. ಪಾರದರ್ಶಕ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಬರೆದು ತೋರಿಸಬೇಕಿತ್ತು, ಹಾಳೆಗೆ ದುಡ್ಡು ಕೊಡಬೇಕಿತ್ತು, ತಪ್ಪಾದರೆ ಒರೆಸಿ ಮತ್ತೆ ಬರೆಯಬೇಕಿತ್ತು. ಹಾಗಾಗಿ ಒಂದು ಪಾಠಕ್ಕೆ ನಾಲ್ಕೈದು ಹಾಳೆಗಿಂತ ಹೆಚ್ಚು ಯಾರೂ ಮಾಡುತ್ತಿರಲಿಲ್ಲ, ಮತ್ತು ಆ ನಾಲ್ಕರಲ್ಲಿ ಏನಿರಬೇಕು ಎಂದು ಹಿಂದಿನ ದಿನವೆಲ್ಲ ಯೋಚಿಸುತ್ತಿದ್ದೆವು. 1987ರಲ್ಲಿ ಪವರ್‌ಪಾಯಿಂಟ್ ಮೊದಲ ಬಾರಿಗೆ ಮೆಕಿಂತೋಷ್ ಕಂಪ್ಯೂಟರಿಗೆ ಬಂದಾಗ ಅದರ ಉದ್ದೇಶವೂ ಇಂಥ ಹಾಳೆಗಳನ್ನು ಅಂದವಾಗಿ ತಯಾರಿಸುವುದೇ ಆಗಿತ್ತು. ಈಗ ಹೊಸ ಸ್ಲೈಡ್ ಸೇರಿಸಲು ಕಾಸೂ ಖರ್ಚಾಗುವುದಿಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆ ಇನ್ನೂ ಇದೆ, ಅದನ್ನು ಕೇಳುಗರು ತೆರುತ್ತಾರೆ.

ನಿಮ್ಮ 42 ಸ್ಲೈಡ್‌ಗಳ ಕಷ್ಟ ಅವುಗಳ ಸಂಖ್ಯೆಯಲ್ಲಿಲ್ಲ ಎಂದು ನನ್ನ ಅಭಿಪ್ರಾಯ. ಇಪ್ಪತ್ತು ಚಿತ್ರಗಳನ್ನು ಚಿತ್ರಕ್ಕೆ ಇಪ್ಪತ್ತು ಸೆಕೆಂಡಿನಂತೆ ತೋರಿಸಿ ಆರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಮಾತು ಮುಗಿಸುವ ಪೆಚ ಕುಚ ಎಂಬ ಕ್ರಮವೇ ಇದೆ; ಅದು 2003ರಲ್ಲಿ ಟೋಕಿಯೊದಲ್ಲಿ ಹುಟ್ಟಿತು, ಅಲ್ಲಿ ಯಾರೂ ತೂಕಡಿಸುವುದಿಲ್ಲ. ನೀವು ಏಳು ವಿಷಯಗಳನ್ನು ಒಂದೇ ಸಭೆಯಲ್ಲಿ ಹೇಳಲು ಹೊರಟದ್ದು ತೊಂದರೆಗೆ ಮೂಲ. ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಒಂದು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ಈ ಸಭೆ ಮುಗಿಸಿ ಮನೆಗೆ ಹೋದ ರೈತ ನಾಳೆ ಬೆಳಿಗ್ಗೆ ಏನು ಮಾಡಬೇಕು? ನಿಮ್ಮ ಬರಹವನ್ನು ಓದಿದ ಮೇಲೆ ನನಗೆ ತೋಚಿದ ಉತ್ತರ, ಜಿಪ್ಸಂ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು ಎಂಬುದು. ಈ ವಾಕ್ಯಕ್ಕೆ ನೆರವಾಗುವ ಸ್ಲೈಡ್ ಉಳಿಯಲಿ, ಆಗದಿರುವುದು ಎಷ್ಟೇ ಚೆನ್ನಾಗಿದ್ದರೂ ಹೊರಗಿರಲಿ. ಸಹಾಯಧನದ ನಿಯಮಗಳನ್ನು ಒಂದು ಪುಟದಲ್ಲಿ ಮುದ್ರಿಸಿ ಕೈಗೆ ಕೊಡಬಹುದು.

ಎರಡನೆಯ ಮಾತು ಬರಹದ ಬಗ್ಗೆ. ಪರದೆಯ ಮೇಲೆ ವಾಕ್ಯಗಳನ್ನು ತುಂಬಿ ಅವನ್ನೇ ಓದಿ ಹೇಳಿದರೆ ಕೇಳುಗರಿಗೆ ಎರಡು ಪಟ್ಟು ಸಿಗುತ್ತದೆ ಎಂದು ನಾವು ಭಾವಿಸುತ್ತೇವೆ, ಆಗುವುದು ಅದರ ವಿರುದ್ಧ. ಕಣ್ಣಿಂದ ಓದುವ ಮಾತಿಗೂ ಕಿವಿಯಿಂದ ಕೇಳುವ ಮಾತಿಗೂ ಮನಸ್ಸಿನೊಳಗೆ ದಾರಿ ಒಂದೇ. ಓದುವ ವೇಗ ಹೇಳುವ ವೇಗಕ್ಕಿಂತ ಹೆಚ್ಚಿರುವುದರಿಂದ ಓದಬಲ್ಲವರು ನಿಮಗಿಂತ ಮುಂದೆ ಹೋಗಿ ಕಾಯುತ್ತಾರೆ, ಓದಲು ತಡವರಿಸುವವರು ಓದುವುದನ್ನೂ ಕೇಳುವುದನ್ನೂ ಎರಡನ್ನೂ ಬಿಡುತ್ತಾರೆ. ಚಿತ್ರ ಮತ್ತು ಮಾತು ಸೇರಿ ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ಮೇಲೆ ದಶಕಗಳ ಕಾಲ ಪ್ರಯೋಗ ನಡೆಸಿದ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರು ಕಂಡುಕೊಂಡದ್ದೂ ಇದನ್ನೇ: ಚಿತ್ರ ನೋಡುತ್ತ ಮಾತು ಕೇಳಿದವರು, ಚಿತ್ರ, ಮಾತು ಮತ್ತು ಅದೇ ಮಾತಿನ ಬರಹ ಮೂರನ್ನೂ ಒಟ್ಟಿಗೆ ಪಡೆದವರಿಗಿಂತ ಚೆನ್ನಾಗಿ ಕಲಿಯುತ್ತಾರೆ. ಹಾಗಾದರೆ ಸ್ಲೈಡ್‌ನಲ್ಲಿ ಅಕ್ಷರವೇ ಬೇಡವೇ? ಒಂದು ವಾಕ್ಯ ಬೇಕು. ತಲೆಬರಹದ ಜಾಗದಲ್ಲಿ ‘ಮಣ್ಣಿನ ವಿಧಗಳು’ ಎಂದು ವಿಷಯದ ಹೆಸರನ್ನು ಬರೆಯುವ ಬದಲು ‘ಬಿಳಿ ಪದರ ಕಂಡ ಹೊಲಕ್ಕೆಲ್ಲ ಜಿಪ್ಸಂ ಬೇಡ’ ಎಂದು ನೀವು ಹೇಳಬೇಕಾದದ್ದನ್ನೇ ಬರೆಯಿರಿ, ಅದರ ಕೆಳಗೆ ಅದನ್ನು ತೋರಿಸಿಕೊಡುವ ಒಂದು ಚಿತ್ರವಿರಲಿ. ಪೆನ್ಸಿಲ್ವೇನಿಯಾದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬರೆಯುವುದನ್ನೂ ಮಾತನಾಡುವುದನ್ನೂ ಕಲಿಸುವ ಮೈಕೆಲ್ ಆಲಿ ಅವರು ಬಹುಕಾಲದಿಂದ ಈ ಪದ್ಧತಿಯನ್ನು ಪ್ರತಿಪಾದಿಸುತ್ತಿದ್ದಾರೆ. ನಾನು ತಡವಾಗಿ ಕಲಿತೆ, ಕಲಿತ ಮೇಲೆ ಬಿಡಲಿಲ್ಲ.

ಇನ್ನು ನಮ್ಮ ಸೀಮೆಯ ಒಂದು ಮಾತನ್ನು ಹೇಳಲೇಬೇಕು. ಪರದೆಯ ಮೇಲೆ ಬೆಳಕು ಬಿಟ್ಟು ಜನರನ್ನು ಕೂರಿಸುವುದು ನಮಗೆ ಹೊಸ ವಿದ್ಯೆಯಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲು ಗೊಂಬೆಯಾಟಕ್ಕಾಗಿ. ನಾನು ಚಿಕ್ಕವನಿದ್ದಾಗ ಆ ಆಟವನ್ನು ಬೆಳಗಿನವರೆಗೆ ಕುಳಿತು ನೋಡಿದ್ದೇನೆ. ಪಾಠ ಹೇಳಲು ತೊಡಗಿದ ಎಷ್ಟೋ ವರ್ಷಗಳ ನಂತರ ಅದರ ಕಟ್ಟುವಿಕೆ ನನಗೆ ಅರ್ಥವಾಯಿತು. ಗೊಂಬೆಗಳ ಪೆಟ್ಟಿಗೆಯಲ್ಲಿ ಎಷ್ಟೇ ಗೊಂಬೆಗಳಿದ್ದರೂ ಪರದೆಯ ಮೇಲೆ ಒಂದು ಹೊತ್ತಿಗೆ ಒಂದೆರಡೇ ಇರುತ್ತವೆ. ಮಾತು ಯಾರದೋ ಆ ಗೊಂಬೆಯೇ ಅಲುಗುತ್ತದೆ, ಉಳಿದದ್ದು ಸ್ಥಿರವಾಗಿ ನಿಂತಿರುತ್ತದೆ. ಕಥೆ ಭಾರವಾಗಿ ಸಭೆ ಜಗ್ಗತೊಡಗಿತು ಎನ್ನುವಾಗ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಊರಿನ ಮಾತನ್ನೇ ಆಡಿ ಜನರನ್ನು ಎಬ್ಬಿಸಿ ಮತ್ತೆ ಕಥೆಗೆ ಒಪ್ಪಿಸಿ ಹೋಗುತ್ತವೆ. ಆ ಹಾಸ್ಯ ಹೊರಗಿನಿಂದ ತಂದು ಅಂಟಿಸಿದ ಚಟಾಕಿಯಲ್ಲ, ಕೇಳುಗರ ಬದುಕಿನಿಂದಲೇ ಎತ್ತಿಕೊಂಡದ್ದು. ನಿಮ್ಮ ಸಭೆಯಲ್ಲಿ ಅದರ ಕೆಲಸವನ್ನು ಒಂದು ಪ್ರಶ್ನೆ ಮಾಡಬಲ್ಲದು. ಹತ್ತು ನಿಮಿಷಕ್ಕೊಮ್ಮೆ ಪರದೆಯನ್ನು ಬಿಟ್ಟು, ನಿಮ್ಮ ಹೊಲದಲ್ಲಿ ಭತ್ತದ ಸಸಿ ಎಲ್ಲಿ ಮೊದಲು ಒಣಗುತ್ತದೆ, ಬದುವಿನ ಕಡೆಗೋ ನಡುವೆಯೋ ಎಂದು ಕೇಳಿನೋಡಿ. ಉತ್ತರ ಹೇಳಲು ಬಾಯಿ ತೆರೆದವನು ಆಮೇಲೆ ತೂಕಡಿಸುವುದಿಲ್ಲ.

ಕಿನ್ನಾಳದ ಬಣ್ಣ (ಕೊಪ್ಪಳ)

ಗುರುಗಳು ಹೇಳಿದ್ದರ ಮೇಲೆ ನಾನು ಹೇಳುವುದೇನೂ ಇಲ್ಲ. ಕಾರ್ಯಕ್ರಮಗಳಿಗೆ ಪ್ರೊಜೆಕ್ಟರ್, ಧ್ವನಿವರ್ಧಕ ಒದಗಿಸುವ ಅಂಗಡಿ ಇಟ್ಟಿರುವವನು ನಾನು. ಎಷ್ಟೋ ಒಳ್ಳೆಯ ಭಾಷಣಗಳು ಮೊದಲ ಐದು ನಿಮಿಷದಲ್ಲೇ ಹಾಳಾಗುವುದನ್ನು ಹಿಂದೆ ನಿಂತು ನೋಡಿದ್ದೇನೆ, ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಕನ್ನಡ ಅಕ್ಷರ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸ್ಲೈಡ್‌ಗಳನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತು ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಆ ಗಾಬರಿಯಲ್ಲಿ ಮಾತನಾಡುವವರ ಧ್ವನಿಯೇ ಬದಲಾಗುತ್ತದೆ. ಎಲ್ಲವನ್ನೂ ಯಾವ ಕಂಪ್ಯೂಟರಾದರೂ ಓದಬಲ್ಲ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ವಿಂಡೋಸ್‌ನಲ್ಲಿ ಬರುವ ನಿರ್ಮಲಾ ಫಾಂಟ್ ಸಾಕು. ಬೇರೆಯದು ಬೇಕೆಂದರೆ ಉಳಿಸುವಾಗ ಆಯ್ಕೆಗಳಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಹಾಕಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇಂಗ್ಲಿಷ್‌ಗೆ ಹೇಳುವ ಅಳತೆ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಅದೇ ಅಳತೆಯಲ್ಲಿ ಮೂಲಾಕ್ಷರ ಚಿಕ್ಕದಾಗಿ ಕಾಣುತ್ತದೆ, ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಅಳತೆಯನ್ನು 36 ಪಾಯಿಂಟ್‌ಗಿಂತ ಕಡಿಮೆ ಇಡಬೇಡಿ ಎನ್ನುತ್ತೇನೆ ನಾನು. ದಪ್ಪ ಅಕ್ಷರ ಮಾಡಿದರೆ ಸ್ಪಷ್ಟವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಆದರೆ ಕನ್ನಡದಲ್ಲಿ ದಪ್ಪ ಮಾಡಿದಷ್ಟೂ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಎರಡನೆಯದು ಬೆಳಕು. ನಮ್ಮ ಕಡೆಯ ಸಮುದಾಯ ಭವನಗಳಲ್ಲಿ ಕಿಟಕಿಗೆ ಪರದೆ ಇರುವುದಿಲ್ಲ, ಇದ್ದರೂ ಮುಚ್ಚಿದರೆ ಸೆಕೆಗೆ ಕೂರಲು ಆಗುವುದಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಕತ್ತಲೆ ಕೋಣೆಯಲ್ಲಿ ಚೆಂದ. ಬೆಳಕಿರುವ ಕೋಣೆಯಲ್ಲಿ ಪ್ರೊಜೆಕ್ಟರ್‌ಗೆ ಕಪ್ಪನ್ನು ಕಪ್ಪಾಗಿ ತೋರಿಸಲು ಬರುವುದಿಲ್ಲ, ಏಕೆಂದರೆ ಅದರ ಕಪ್ಪು ಎಂದರೆ ಬೆಳಕು ಬೀಳದ ಗೋಡೆ ಮಾತ್ರ. ತಿಳಿ ಹಿನ್ನೆಲೆ, ಗಾಢ ಅಕ್ಷರ ಇರಲಿ. ಹಸಿರು ಎಂದರೆ ಒಳ್ಳೆಯ ಮಣ್ಣು, ಕೆಂಪು ಎಂದರೆ ಕೆಟ್ಟ ಮಣ್ಣು ಎಂದು ಬಣ್ಣದಿಂದಲೇ ಹೇಳಬೇಡಿ. ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಈ ಎರಡು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ.

ಸ್ಲೈಡ್‌ಗಳು ಓಡುತ್ತಿರುವಾಗ ಇಂಗ್ಲಿಷ್ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಚಿತ್ರ ಮರಳುತ್ತದೆ. ಇದು ಎಲ್ಲಕ್ಕಿಂತ ಉಪಯುಕ್ತವಾದ ಕೀಲಿ, ಬಳಸುವವರು ಬಹಳ ಕಡಿಮೆ. ಪರದೆ ಆರಿದ ಕ್ಷಣಕ್ಕೆ ಇಡೀ ಸಭೆ ಮಾತನಾಡುವವರ ಕಡೆಗೆ ತಿರುಗುವುದನ್ನು ನಾನು ಪ್ರತಿ ಸಲವೂ ನೋಡುತ್ತೇನೆ. ಹಾಗೆಯೇ ಸ್ಲೈಡ್‌ನ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಇದನ್ನು ಹೇಳುವುದಕ್ಕೆ ಕಾರಣವಿದೆ. ಹತ್ತೂವರೆಗೆ ಎಂದ ಕಾರ್ಯಕ್ರಮ ಸ್ವಾಗತ, ದೀಪ, ಹಾರ, ಪ್ರಾಸ್ತಾವಿಕ ಮುಗಿಸಿ ನಿಮ್ಮ ಕೈಗೆ ಬರುವಾಗ ಹನ್ನೆರಡೂವರೆ ಆಗಿರುತ್ತದೆ, ಒಳಗಿನಿಂದ ಊಟದ ವಾಸನೆ ಬರುತ್ತಿರುತ್ತದೆ, ನಿಮ್ಮ 40 ನಿಮಿಷ 15 ಆಗಿರುತ್ತದೆ. ಆ 15 ನಿಮಿಷದ ಮಾತನ್ನು ಮೊದಲೇ ಸಿದ್ಧಪಡಿಸಿಕೊಂಡು, ಅದಕ್ಕೆ ಬೇಕಾದ ಮೂರ್ನಾಲ್ಕು ಸ್ಲೈಡ್‌ಗಳ ಸಂಖ್ಯೆಯನ್ನು ಅಂಗೈ ಅಗಲದ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕರೆಂಟ್ ಹೋದರೂ ಅದೇ ಚೀಟಿ ಕೈಹಿಡಿಯುತ್ತದೆ.

ಮುನಿರಾಬಾದ್ ದಂಡೆ

ಹಿರಿಯರ ಮಾತಿನಲ್ಲಿ ಒಂದು ಅಂಶವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ, ಕ್ಷಮಿಸಬೇಕು. ಒಂದು ವಾಕ್ಯ, ಒಂದು ಚಿತ್ರ ಎಂಬುದು ರೈತರ ಸಭೆಗೆ ಸರಿ. ಅಧಿಕಾರಿಗಳ ಸಭೆಯ ಕಥೆ ಬೇರೆ. ಅಲ್ಲಿ ತೋರಿಸಿದ ಸ್ಲೈಡ್‌ಗಳು ಸಂಜೆಯ ಹೊತ್ತಿಗೆ ವಾಟ್ಸ್ಯಾಪ್‌ನಲ್ಲಿ ಹೋಗಿ ದಾಖಲೆಯೇ ಆಗಿಬಿಡುತ್ತವೆ. ನಾಳೆ ಅದನ್ನು ತೆರೆದವರಿಗೆ ಬರೀ ಚಿತ್ರ ಕಂಡರೆ ಏನೂ ತಿಳಿಯುವುದಿಲ್ಲ. ಹಾಗೆಂದು ಸ್ಲೈಡ್‌ನಲ್ಲಿಯೇ ಎಲ್ಲವನ್ನೂ ತುಂಬುವುದು ಇನ್ನೂ ಅಪಾಯ.

2003ರ ಫೆಬ್ರವರಿ 1ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಜನ ತೀರಿಕೊಂಡರು. ಉಡಾವಣೆಯ ಸಮಯದಲ್ಲಿ ಇಂಧನ ತೊಟ್ಟಿಯ ಹೊದಿಕೆಯಿಂದ ಕಳಚಿದ ಫೋಮ್‌ನ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಅದರ ಬಗ್ಗೆ ಸ್ಲೈಡ್‌ಗಳನ್ನು ತೋರಿಸಿದ್ದರು. ಒಂದು ಸ್ಲೈಡ್‌ನ ತಲೆಬರಹ ಧೈರ್ಯ ತುಂಬುವಂತಿತ್ತು. ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು 3 ಘನ ಅಂಗುಲದ್ದು, ಈಗ ಬಡಿದದ್ದು ಅಂದಾಜು 1920 ಘನ ಅಂಗುಲದ್ದು ಎಂಬ, ಎದೆ ನಡುಗಿಸಬೇಕಾಗಿದ್ದ ಮಾತು ಉಪಬಿಂದುಗಳ ತೀರ ಕೆಳಗೆ ಸಣ್ಣ ಅಕ್ಷರದಲ್ಲಿ ಕೂತಿತ್ತು. ತಾಂತ್ರಿಕ ವರದಿಯ ಬದಲು ಸ್ಲೈಡ್‌ಗಳನ್ನೇ ನೆಚ್ಚಿಕೊಳ್ಳುವ ರೂಢಿಯನ್ನು ತನಿಖಾ ಮಂಡಳಿ ಅದೇ ವರ್ಷ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಟೀಕಿಸಿತು. ನಾನು ಇದನ್ನು ಓದಿದ ದಿನದಿಂದ ಎರಡು ಕೆಲಸಗಳನ್ನು ಬೇರ್ಪಡಿಸಿದ್ದೇನೆ: ಪರದೆಗೆ ಸ್ಲೈಡ್, ಕೈಗೆ ಎರಡು ಪುಟದ ಟಿಪ್ಪಣಿ. ಕೋಷ್ಟಕಗಳು, ಷರತ್ತುಗಳು, ಅಂಕಿಗಳ ಮೂಲ ಎಲ್ಲವೂ ಟಿಪ್ಪಣಿಯಲ್ಲಿ. ಸ್ಲೈಡ್ ಕಳಿಸಿ ಎಂದವರಿಗೆ ಟಿಪ್ಪಣಿಯನ್ನು ಕಳಿಸುತ್ತೇನೆ.

ಅಂಕಿಗಳ ಬಗ್ಗೆ ಒಂದು ಅನುಭವ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ನಮ್ಮ ಕಡೆಯ ಊರುಗಳಲ್ಲಿ, ಶಾಲೆಗಳಲ್ಲಿ ಏನಾಯಿತು ಎಂದು ವಿವರಿಸುವ ಅವಕಾಶ ನನಗೆ ಹಲವು ಸಲ ಸಿಕ್ಕಿತು. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ ಎಂದು ಸ್ಲೈಡ್‌ನಲ್ಲಿ ಬರೆದಾಗ ಯಾರ ಮುಖವೂ ಬದಲಾಗಲಿಲ್ಲ. ಮುಂದಿನ ಸಭೆಯಲ್ಲಿ ಆ ಸ್ಲೈಡ್ ತೆಗೆದು, ಭವನದ ಒಂದು ಗೋಡೆಯಿಂದ ಹೆಜ್ಜೆ ಹಾಕುತ್ತ ಹೋಗಿ, ಎದುರು ಗೋಡೆ ಬಂದರೂ 60 ಅಡಿ ಮುಗಿಯಲಿಲ್ಲ ಎಂದು ತೋರಿಸಿದೆ. ಜನ ತಲೆ ಎತ್ತಿ ಮಾಳಿಗೆ ನೋಡಿದರು, 20 ಅಡಿ ಎಷ್ಟಾಗುತ್ತದೆ ಎಂದು ತಾವೇ ಅಳೆದರು. ಆಮೇಲೆ ಗೇಟಿನ ತೆರವನ್ನು ಮುಚ್ಚಲು ಹರಿಯುವ ನೀರಿನಲ್ಲೇ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದ ಬಗೆಯನ್ನು ಆರು ಸ್ಲೈಡ್‌ಗಳಲ್ಲಿ ತೋರಿಸಿದೆ. ಆರರಲ್ಲಿಯೂ ಇದ್ದದ್ದು ಒಂದೇ ರೇಖಾಚಿತ್ರ, ಪ್ರತಿ ಸಲ ಒಂದು ಹಲಗೆ ಹೆಚ್ಚುತ್ತಿತ್ತು, ಬೇರೇನೂ ಕದಲುತ್ತಿರಲಿಲ್ಲ. ಮೊದಲ ಹಲಗೆ 16ರಂದು ಕೂತಿತು ಎನ್ನುವಾಗ ಹಿಂದಿನ ಸಾಲಿನಲ್ಲಿ ಯಾರೋ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಗುರುಗಳು ಹೇಳಿದ ಗೊಂಬೆಯಾಟದ ನಿಯಮವೇ ಇದು ಎಂದು ಈಗ ತಿಳಿಯುತ್ತಿದೆ.

ಇನ್ನೊಂದು. ಜಲಾಶಯದ ಸಾಮರ್ಥ್ಯ ಕಟ್ಟಿದಾಗ 133 ಟಿಎಂಸಿ ಇತ್ತು, ಈಗ ಲೆಕ್ಕಕ್ಕೆ ಹಿಡಿಯುವುದು 105.788. ಟಿಪ್ಪಣಿಯಲ್ಲಿ ಮೂರು ದಶಾಂಶವೂ ಇರಬೇಕು. ಪರದೆಯ ಮೇಲೆ ಎರಡು ಕಂಬಗಳು, ನಡುವೆ ‘ಸುಮಾರು 27 ಟಿಎಂಸಿ ಜಾಗವನ್ನು ಹೂಳು ತಿಂದಿದೆ’ ಎಂಬ ಒಂದು ಸಾಲು ಸಾಕು.

ಕೊನೆಭಾಗದ ರೈತ (ಮಾನ್ವಿ)

ಮೇಡಂ, ನಾನು ಕಾಲುವೆಯ ಕೊನೆಭಾಗದವನು. ಇಂಥ ತರಬೇತಿಗಳಲ್ಲಿ ಹದಿನೈದು ವರ್ಷಗಳಿಂದ ಎದುರಿನ ಕುರ್ಚಿಯಲ್ಲಿ ಕುಳಿತಿದ್ದೇನೆ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಬೇರೆ ದೇಶದ ಹೊಲದ ಫೋಟೊ ಪರದೆಯ ಮೇಲೆ ಬಂದ ಕೂಡಲೇ ನಮ್ಮ ಮನಸ್ಸು ಮುಚ್ಚಿಕೊಳ್ಳುತ್ತದೆ. ಆ ಮಣ್ಣು ನಮ್ಮದಲ್ಲ, ಆ ಟ್ರ್ಯಾಕ್ಟರ್ ನಮ್ಮದಲ್ಲ, ಅಲ್ಲಿ ಆದದ್ದು ಇಲ್ಲಿ ಆಗುತ್ತದೆ ಎಂದು ನಾವು ಯಾಕೆ ನಂಬಬೇಕು? ಅದೇ ಪಕ್ಕದ ಊರಿನ ಹೊಲದ ಫೋಟೊ ಇದ್ದರೆ ಅದು ಯಾರದು, ಯಾವ ಕಡೆಗಿದೆ ಎಂದು ಹುಡುಕಲಾದರೂ ನೋಡುತ್ತೇವೆ. ಹೆಕ್ಟೇರ್, ಟನ್ ಎಂದು ಬರೆದರೆ ಅದನ್ನು ಎಕರೆಗೆ, 75 ಕೆ.ಜಿ. ಚೀಲಕ್ಕೆ ಇಳಿಸುವ ಲೆಕ್ಕದಲ್ಲಿ ನಾವು ಮುಳುಗಿರುವಾಗ ನೀವು ಮುಂದಿನ ಸ್ಲೈಡ್‌ಗೆ ಹೋಗಿರುತ್ತೀರಿ. ಆ ಲೆಕ್ಕವನ್ನು ನೀವೇ ಮಾಡಿಕೊಂಡು ಬನ್ನಿ.

ಇಷ್ಟು ವರ್ಷಗಳಲ್ಲಿ ನನಗೆ ಪೂರ್ತಿ ನೆನಪಿರುವುದು ಒಂದೇ ತರಬೇತಿ. ಬಂದವರು ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ಹಾಕಿ ಮೇಜಿನ ಮೇಲಿಟ್ಟರು. ಒಂದರಲ್ಲಿ ಒಳ್ಳೆಯ ಹೊಲದ ಒಣ ಹೆಂಟೆಯ ಚೂರು, ಇನ್ನೊಂದರಲ್ಲಿ ಕ್ಷಾರ ಹಿಡಿದ ಹೊಲದ ಚೂರು ಬಿಟ್ಟು, ಅಲುಗಾಡಿಸದೆ ಮಾತು ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಒಂದು ಲೋಟದ ನೀರು ತಿಳಿಯಾಗಿಯೇ ಇತ್ತು, ಇನ್ನೊಂದು ಹಾಲು ಬೆರೆಸಿದಂತೆ ಕದಡಿತ್ತು. ಸೋಡಿಯಂ ಹೆಚ್ಚಾದ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಆದ್ದರಿಂದಲೇ ಇಂಥ ಹೊಲದಲ್ಲಿ ನೀರು ಇಂಗದೆ ಮೇಲೆ ನಿಲ್ಲುತ್ತದೆ, ಜಿಪ್ಸಂ ಹಾಕುವುದು ಈ ಹೊಲಕ್ಕೆ ಎಂದರು. ಬರೀ ಉಪ್ಪು ಸೇರಿದ ಹೊಲ ಬೇರೆ, ಅದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆದು ಕಳಿಸಬೇಕು ಎಂದರು. ಅವರು ಮಾತನಾಡುವಷ್ಟು ಹೊತ್ತು ನಾವು ಆ ಲೋಟದ ಮೇಲಿನ ಕಣ್ಣು ತೆಗೆಯಲಿಲ್ಲ. ಮನೆಗೆ ಬಂದು ನನ್ನ ಹೊಲದ ಮೂರು ಕಡೆಯ ಮಣ್ಣನ್ನು ಹಾಗೆಯೇ ನೀರಿಗೆ ಬಿಟ್ಟು ನೋಡಿದೆ.

ಸ್ಲೈಡ್ ಬೇಡ ಎಂದು ನಾನು ಹೇಳುವುದಿಲ್ಲ. ಒಂದು ವಿನಂತಿ ಮಾತ್ರ: ಪರದೆಯ ಕಡೆ ಮುಖ ಮಾಡಿ ನಮಗೆ ಬೆನ್ನು ತೋರಿಸಿ ಓದಬೇಡಿ.

ಸವಳುನೆಲ (ಸಿಂಧನೂರು)

ಎಲ್ಲರಿಗೂ ನನ್ನ ಕೃತಜ್ಞತೆಗಳು. ರೈತರ ಸಭೆ ಮೊನ್ನೆ ಮುಗಿಯಿತು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

42 ಸ್ಲೈಡ್‌ಗಳಲ್ಲಿ 11 ಉಳಿದವು. ಉಪನ್ಯಾಸಕರು ಹೇಳಿದಂತೆ ಕಾಗದದ ಮೇಲೆ ವಾಕ್ಯ ಬರೆದುಕೊಂಡು ಒಂದೊಂದನ್ನೇ ತೆಗೆಯುತ್ತ ಹೋಗುವಾಗ ಮನಸ್ಸಿಗೆ ಕಷ್ಟವಾಯಿತು. ಕೂರಿಗೆ ಭತ್ತದ ಒಂಬತ್ತು ಸ್ಲೈಡ್‌ಗಳನ್ನು ಪೂರ್ತಿ ಬಿಟ್ಟೆ, ಅದಕ್ಕೆ ಇನ್ನೊಂದು ದಿನ ಬೇಕು ಎಂದು ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ. ಫೋಟೊಗಳಿಗಾಗಿ ಎರಡು ಸಂಜೆ ಅದೇ ಊರಿನ ಸುತ್ತ ತಿರುಗಿದೆ. ಬಿಳಿ ಪದರ ಎದ್ದ ಒಂದು ಹೊಲ, ನೀರು ನಿಂತು ಮೇಲ್ಮೈ ಕಪ್ಪಿಟ್ಟ ಇನ್ನೊಂದು ಹೊಲ, ಇವೆರಡನ್ನು ಒಂದೇ ಸ್ಲೈಡ್‌ನಲ್ಲಿ ಅಕ್ಕಪಕ್ಕ ಇಟ್ಟೆ. ತಲೆಬರಹಕ್ಕೆ ‘ಎರಡೂ ಸವಳೆನ್ನುತ್ತೇವೆ, ಮದ್ದು ಒಂದೇ ಅಲ್ಲ’ ಎಂದು ಬರೆದೆ. ರಸಸಾರ 8.5ಕ್ಕಿಂತ ಹೆಚ್ಚಾದರೆ, ಲವಣಾಂಶ (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಎಂಬ ಅಂಕಿಗಳು ಕೈಗೆ ಕೊಟ್ಟ ಹಾಳೆಗೆ ಹೋದವು.

ಕಾರ್ಯಕ್ರಮ ಒಂದೂವರೆ ಗಂಟೆ ತಡವಾಗಿ ಆರಂಭವಾಯಿತು, ನನಗೆ ಸಿಕ್ಕದ್ದು 20 ನಿಮಿಷ. ವೇದಿಕೆ ಹತ್ತುತ್ತಲೇ ಎರಡು ಲೋಟಗಳಲ್ಲಿ ಹೆಂಟೆ ಬಿಟ್ಟು ಮೇಜಿನ ಮೇಲಿಟ್ಟೆ. ಹೊಲಗಳ ಫೋಟೊ ಬಂದಾಗ ಎರಡನೆಯ ಸಾಲಿನಿಂದ ಒಬ್ಬರು ಎದ್ದು ಅದು ತಮ್ಮ ದಾಯಾದಿಯ ಹೊಲವೆಂದು ಹೇಳಿದರು. ಅಲ್ಲಿಯೇ ಬಿ ಕೀಲಿ ಒತ್ತಿ ಪರದೆ ಆರಿಸಿ, ಆ ಹೊಲಕ್ಕೆ ಇದುವರೆಗೆ ಏನೇನು ಹಾಕಿದ್ದಾರೆ ಎಂದು ಕೇಳಿದೆ. ಮೂರು ವರ್ಷ ಜಿಪ್ಸಂ ಹಾಕಿದ್ದರು. ಅದು ಬಿಳಿ ಪದರದ ಹೊಲ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರು, ಹಾಗಾದರೆ ಇದಕ್ಕೆ ಬೇಕಾದದ್ದು ಬಸಿಗಾಲುವೆಯಲ್ಲವೇ ಎಂದರು. ಅಲ್ಲಿಂದ ಮುಂದೆ ಮಾತು ಅವರವರ ನಡುವೆಯೇ ನಡೆಯಿತು. ಕೆಳಗಿನ ಹೊಲದವರು ದಾರಿ ಕೊಡದೆ ಬಸಿಗಾಲುವೆ ತೆಗೆಯಲು ಆಗುವುದಿಲ್ಲ ಎಂಬ, ನನ್ನ ಯಾವ ಸ್ಲೈಡ್‌ನಲ್ಲಿಯೂ ಇಲ್ಲದ ಸಂಗತಿಯನ್ನು ಅವರೇ ಮುಂದಿಟ್ಟರು. ಐದನೆಯ ಸ್ಲೈಡ್‌ನಿಂದ ಮುಂದಕ್ಕೆ ನಾನು ಹೋಗಲೇ ಇಲ್ಲ.

ಊಟಕ್ಕೆ ಏಳುವಾಗ ಹಲವರು ಮೇಜಿನ ಬಳಿ ಬಂದು ಕದಡಿದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮಣ್ಣಿನ ಮಾದರಿ ತರುವುದಾಗಿ ಹದಿನಾಲ್ಕು ಜನ ಹೆಸರು ಬರೆಸಿದ್ದಾರೆ. ಸೋಮವಾರ ಆ ಊರಿಗೆ ಹೋಗಿ, ಒಂದು ಹೊಲದಲ್ಲಿ ಎಷ್ಟು ಕಡೆ, ಎಷ್ಟು ಆಳದಿಂದ ಮಣ್ಣು ತೆಗೆಯಬೇಕು ಎಂದು ತೋರಿಸಿ, ಚೀಲಗಳನ್ನು ಪರೀಕ್ಷೆಗೆ ಕಳಿಸಬೇಕು. ಅಧಿಕಾರಿಗಳ ಸಭೆ ಅದರ ಮುಂದಿನ ವಾರ ಇದೆ. ಮುನಿರಾಬಾದಿನವರು ಹೇಳಿದ ಎರಡು ಪುಟದ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಬಸಿಗಾಲುವೆಯ ದಾರಿಯ ವಿಷಯವನ್ನು ಅದರ ಮೊದಲ ಸಾಲಿನಲ್ಲಿಯೇ ಇಟ್ಟಿದ್ದೇನೆ.